ಕಾಕಾ ಕೊಟ್ಟ ಬಾಟಲಿ

ಮೊನ್ನೆ ಆರೋಗ್ಯ ಕೇಂದ್ರದ ಸಿಸ್ಟರ್ ನನ್ನ ಕೈಗೆ ಬಿಳಿ ಮುಚ್ಚಳದ ಪುಟ್ಟ ಬಾಟಲಿಯೊಂದನ್ನು ಕೊಟ್ಟರು. ನನಗೂ ಬಿ.ಪಿ. ಶುರುವಾಗಿದೆಯಂತೆ, ಇನ್ನು ವರ್ಷಕ್ಕೊಮ್ಮೆ ಮೂತ್ರ, ರಕ್ತ ಪರೀಕ್ಷೆ ಮಾಡಿಸಿ ಕಿಡ್ನಿ ನೋಡಿಕೊಳ್ಳಬೇಕಂತೆ. ಬಾಟಲಿ ಕಂಡದ್ದೇ ನನಗೆ ನಗು ಬಂತು. ಸಿಸ್ಟರ್ ಹುಬ್ಬು ಗಂಟಿಕ್ಕಿದರು. ನಗಬಾರದ ಕಡೆ ನಗುವುದು ನನ್ನ ಹುಟ್ಟುಗುಣ ನಿಜ, ಆದರೆ ಈ ಸಲದ ನಗು ನನ್ನದಲ್ಲ, ನಮ್ಮ ಕಾಕಾನದು.

ಕಾಕಾ ಅಂದರೆ ಅಪ್ಪನ ತಮ್ಮ, ಕಾಗವಾಡದಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡವನು. ಬಳ್ಳಿ ಒಂಚೂರು ಬಾಡಿದರೆ ಸಾಕು, ಎಲೆಯ ದೇಟು ಕಿತ್ತು ಪರೀಕ್ಷೆಗೆ ಕಳಿಸಿ ಫಲಿತಾಂಶ ಬರುವತನಕ ಊಟ ಬಿಡುವ ಮನುಷ್ಯ. ತನ್ನ ಸಕ್ಕರೆ ಕಾಯಿಲೆಗೆ ಮಾತ್ರ ಆ ಭಾಗ್ಯವಿರಲಿಲ್ಲ. ಕೆಲವು ವರ್ಷಗಳ ಹಿಂದೆ ಡಾಕ್ಟರು, ಸಕ್ಕರೆ ಇದ್ದವರೆಲ್ಲ ಕಿಡ್ನಿ ಪರೀಕ್ಷೆಗೆ ಮೂತ್ರ ತರಬೇಕು ಅಂದಾಗ ಅವನಿಗೆ ಹತ್ತಿದ್ದು ಕಿಡ್ನಿಯ ಚಿಂತೆಯಲ್ಲ, ಹೋಳಿಗೆಯ ಚಿಂತೆ. ಏನಾದರೂ ಸಿಕ್ಕಿಬಿದ್ದರೆ ಅವನ ತಟ್ಟೆಗೆ ಕಾವಲು ಕೂರುವುದು ಖಂಡಿತ.

ಅದಕ್ಕೆ ಅವನೊಂದು ಉಪಾಯ ಹೂಡಿದ. ಮನೆಯವರೆಲ್ಲರದೂ ಬೇಕಂತೆ ಎಂದು ಹೆಂಡತಿಗೆ, ಅಂದರೆ ನಮ್ಮ ಕಾಕುಗೆ, ಸುಳ್ಳು ಹೇಳಿ ಅವಳ ಬಾಟಲಿಯನ್ನೇ ಜೇಬಿಗಿಳಿಸಿಕೊಂಡು ನನ್ನ ಬೈಕ್ ಏರಿದ. ದಾರಿಯಲ್ಲಿ ಗುಟ್ಟು ತಡೆಯಲಾಗದೆ ನನ್ನ ಕಿವಿಯಲ್ಲಿ ಊದಿದ.

"ನಿಮ್ಮ ಕಾಕು ಉಳ್ಳಾಗಡ್ಡಿ ಮುಟ್ಟಂಗಿಲ್ಲ, ಬಳ್ಳೊಳ್ಳಿ ಮುಟ್ಟಂಗಿಲ್ಲ, ಹೊತ್ತು ಮುಣುಗಿದ ಮ್ಯಾಲ ತುತ್ತು ಬಾಯಾಗ ಇಡಂಗಿಲ್ಲ. ಅಂಥಾಕಿ ಕಿಡ್ನಿಗೆ ಏನ ಧಾಡಿ ಲೇ? ಪಾಸ್ ಆಗೂದು ಪಕ್ಕಾ!"

ನಮ್ಮ ಜೈನ ಮನೆತನಗಳಲ್ಲಿ ವ್ರತ ಹಿಡಿದ ಹೆಂಗಸಿಗೆ ಕಾಯಿಲೆ ಬಂದೀತೆಂದು ಯಾರೂ ಅಂದುಕೊಳ್ಳುವುದಿಲ್ಲ. ನೀವಾಗಿದ್ದರೂ ತಲೆಯಾಡಿಸುತ್ತಿದ್ದಿರಿ.

ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಬಾಟಲಿಯಲ್ಲಿ ಪರೀಕ್ಷೆಯ ಪಟ್ಟಿ ಅದ್ದಿ, ಬಣ್ಣ ನೋಡಿ, "ಕಾಕಾ, ಪ್ರೋಟೀನ್ ಭಾಳ ಹೋಗಾಕತ್ತೈತ್ರಿ. ಕಿಡ್ನಿಗೆ ಪೆಟ್ಟು ಬಿದ್ದಂಗ ಕಾಣತೈತಿ" ಅಂದರು.

ಕಳ್ಳನಿಗೆ ಸರಿಯಾಯಿತೆಂದು ನಾನು ಕಿಸಕ್ಕನೆ ನಕ್ಕೆ. ಕಾಕಾನ ಮುಖ ಬಿಳುಚಿಕೊಂಡಿತ್ತು. ಸಾಲು ನಿಂತ ಜನರೆದುರು ಕೂಗಿಯೇ ಬಿಟ್ಟ.

"ಅದು ನಂದಲ್ರೀ ಅಕ್ಕಾರ! ನನ್ನ ಹೆಂಡ್ತೀದ್ರೀ!"

ಸಾಲಿಗೆ ಸಾಲೇ ಗೊಳ್ಳೆಂದಿತು. ಅವನಿಗೆ ಅದು ಕೇಳಿಸಲೇ ಇಲ್ಲ. ನನ್ನ ತೋಳು ಹಿಡಿದು, "ಅಕಿ ಒಂದಿನಾನೂ ಏನೂ ಅಂದಿಲ್ಲಲ್ಲೋ" ಅಂದ. ನನಗೂ ಹೆದರಿಕೆಯಾಯಿತು.

ಹಲ್ಲು ಹುಳುಕಾದರೆ ಮನೆಮಂದಿಯನ್ನೆಲ್ಲ ಎಬ್ಬಿಸಿ ಕೂರಿಸುತ್ತದೆ. ಹೊಟ್ಟೆಯೂ ಗುಡುಗುಡು ದೂರು ಹೇಳುತ್ತದೆ. ಕಿಡ್ನಿ ಹಾಗಲ್ಲ; ನಮ್ಮ ಕಾಕುವಿನಂತೆ ಹಿತ್ತಲಲ್ಲಿ ಕೂತು ಎಲ್ಲರ ಕೊಳೆ ತೊಳೆಯುತ್ತ, ತಾನು ಸವೆಯುತ್ತಿದ್ದರೂ ತುಟಿ ಪಿಟಕ್ಕೆನ್ನುವುದಿಲ್ಲ.

ಕಾಕುವನ್ನೇ ಕರೆತಂದು ತೋರಿಸಿದೆವು. ಬಿ.ಪಿ. ಏರಿ ಕೂತಿತ್ತು. ಮೊಣಕಾಲು ನೋವಿಗೆಂದು ಅಂಗಡಿ ಗುಳಿಗೆಗಳನ್ನು ಅವಳು ವರ್ಷಗಟ್ಟಲೆ ನುಂಗಿದ್ದು ಆಗ ತಿಳಿಯಿತು. ಮತ್ತೆ ಮತ್ತೆ ಪರೀಕ್ಷೆ ಮಾಡಿದ ಡಾಕ್ಟರು, "ಲಗೂನ ಸಿಕ್ಕೈತ್ರಿ. ಆ ಗುಳಿಗಿ ಬಿಟ್ಟು ಬಿ.ಪಿ. ಹಿಡಿತದಾಗ ಇಟ್ರ ಕಿಡ್ನಿ ಉಳಿಸ್ಕೋಬಹುದು" ಅಂದರು. ಕಾಕಾ ಅಲ್ಲೇ ಕಣ್ಣೊರೆಸಿಕೊಂಡ. ಆಮೇಲೆ ಸಿಸ್ಟರ್ ಅವನದನ್ನೂ ಪಟ್ಟುಹಿಡಿದು ತರಿಸಿದರು. ನೋಡಿದರೆ ಏನೇನೂ ಇಲ್ಲ!

"ಹೋಳಿಗಿ ಕದ್ದು ತಿಂದವ್ರು ಪಾಸು, ಉಪಾಸ ಮಾಡಿದಾಕಿ ನಾಪಾಸು" ಅಂದಳು ಕಾಕು. "ಇರ್ಲಿ ತಗೋರಿ, ನಿಮ್ಮ ಕಳ್ಳತನ ಒಂದ್ಸಲನರೆ ನನ್ನ ಉಪಯೋಗಕ್ಕ ಬಂತು."

ಕಾಕು ಈಗಲೂ ಗಟ್ಟಿಯಾಗಿದ್ದಾಳೆ. ಹೊತ್ತು ಮುಳುಗುವ ಮೊದಲು ಅವಳಿಗೆ ಬಿ.ಪಿ. ಗುಳಿಗೆ, ನೀರು ತಂದುಕೊಡುವುದು ಕಾಕಾನ ಕೆಲಸ.

ಮೊನ್ನೆ ಸಿಸ್ಟರ್ ಎದುರು ಇಷ್ಟೆಲ್ಲ ನೆನೆದು ನಿಂತವನಿಗೆ ನಗು ಅರ್ಧಕ್ಕೇ ನಿಂತಿತು. "ಇನ್ನೊಂದು ಬಾಟ್ಲಿ ಕೊಡ್ರಿ" ಅಂದೆ.

"ಯಾರಿಗ್ರೀ?"

"ನನ್ನ ಹೆಂಡ್ತಿಗ್ರಿ."

"ಅವ್ರಿಗೇನ ತ್ರಾಸ ಐತ್ರಿ?"

ನನ್ನ ಬಾಟಲಿಯನ್ನು ಜೇಬಿಗಿಳಿಸಿ ಇನ್ನೊಂದಕ್ಕೆ ಕೈ ಚಾಚಿದೆ.

"ಗೊತ್ತಿಲ್ರಿ. ಒಂದಿನಾನೂ ಏನೂ ಅಂದಿಲ್ಲ."