ಅತಿಥಿಗೆ ಕೊಟ್ಟ ಬೆಳ್ಳಿ ಲೋಟ

ನಮ್ಮ ಬಡಾವಣೆಯ ನೆನಪಿನ ಸಂಚಿಕೆಯೊಂದು ಇತ್ತೀಚೆಗೆ ನನ್ನ ಕೈಗೆ ಬಂತು. ಅರವತ್ತರ ದಶಕದಲ್ಲಿ ಜಯನಗರಕ್ಕೆ ಬಂದಿದ್ದ ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅದರಲ್ಲಿ ಅರ್ಧ ಪುಟವಿದೆ. ‘ಅತಿಥಿಗಳನ್ನು ಪ್ರತಿಯೊಂದು ಮನೆಯೂ ಮನೆಮಕ್ಕಳಂತೆ ನೋಡಿಕೊಂಡಿತು’ ಎಂದು ಬರೆದವರು ವಿದ್ಯಾರ್ಥಿಗಳು ಹೊರಡುವ ಮುನ್ನ ನಡೆದ ಕೊನೆಯ ಸಭೆಯಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ನಡೆದದ್ದನ್ನೆಲ್ಲ ಕಣ್ಣಾರೆ ಕಂಡಿದ್ದರು. ಅವರು ಬಿಟ್ಟದ್ದನ್ನು ನಾನು ಬರೆಯಬೇಕಾಗಿದೆ.

ಡೆನ್ಮಾರ್ಕಿನಿಂದ ಬಂದ ಆ ಆರು ಮಂದಿ ನಗರ ಯೋಜನೆಯನ್ನು ಓದುತ್ತಿದ್ದವರು. ಹೊಲಗಳ ಮೇಲೆ ಗೆರೆ ಎಳೆದು ಕಟ್ಟಿದ ಹೊಸ ಬಡಾವಣೆಯಲ್ಲಿ ಜನ ಹೇಗೆ ಬದುಕುತ್ತಾರೆ ಎಂಬುದನ್ನು ಮೂರು ವಾರ ಇದ್ದು ನೋಡಿ ಅವರು ವರದಿ ಬರೆಯಬೇಕಿತ್ತು. ಹೋಟೆಲಿನಲ್ಲಿ ಇಳಿದರೆ ಊರು ತಿಳಿಯದೆಂದು ಅವರನ್ನು ಆರು ಮನೆಗಳಿಗೆ ಹಂಚಿದರು. ನಮ್ಮ ಮನೆಗೆ ಬಂದವಳು ನನ್ನದೇ ವಯಸ್ಸಿನ ಹುಡುಗಿ. ಬಿ.ಎ. ಕೊನೆಯ ವರ್ಷದಲ್ಲಿದ್ದ ನಾನು ಅವಳ ದುಭಾಷಿ.

ಏರ್ಪಾಡು ನೋಡಿಕೊಳ್ಳಲು ಮೂವರ ಸಮಿತಿಯಿತ್ತು. ನಿವೃತ್ತ ಎಂಜಿನಿಯರರೊಬ್ಬರು ಅಧ್ಯಕ್ಷರು. ಇನ್ನಿಬ್ಬರು ಒಬ್ಬ ಮುಖ್ಯೋಪಾಧ್ಯಾಯಿನಿ ಮತ್ತು ಒಬ್ಬ ಕಾಲೇಜು ಉಪನ್ಯಾಸಕರು. ಅತಿಥಿಗಳು ಮರಳಿದ ಮೇಲೆ ಆರು ದುಭಾಷಿಗಳಲ್ಲಿ ಒಬ್ಬರನ್ನು ಒಂದು ವರ್ಷದ ಓದಿಗೆ ಅವರ ದೇಶಕ್ಕೆ ಕಳುಹಿಸುವುದೆಂದೂ ಆ ಆಯ್ಕೆ ಸಮಿತಿಯದೆಂದೂ ಮೊದಲೇ ಗೊತ್ತಾಗಿತ್ತು. ನನಗೆ ಎರಡು ಕಡೆಯಿಂದ ಗಂಡು ನೋಡುತ್ತಿದ್ದರು. ಆಯ್ಕೆಯಾದರೆ ಒಂದು ವರ್ಷ ಮದುವೆಯ ಮಾತೆತ್ತುವುದಿಲ್ಲವೆಂದು ಅಪ್ಪ ಒಪ್ಪಿದ್ದರು. ಆ ಮೂರು ವಾರ ನಾನು ಆಡಿದ ಒಂದೊಂದು ಮಾತಿನ ಹಿಂದೆಯೂ ಇದೇ ಲೆಕ್ಕಾಚಾರವಿತ್ತು.

ಅಜ್ಜಿಯನ್ನು ಒಪ್ಪಿಸುವುದೇ ಕಷ್ಟವಾಯಿತು. ಕೊನೆಗೆ ಅವರು ಕೆಲವು ಕಟ್ಟಳೆಗಳನ್ನು ಹಾಕಿ ಒಪ್ಪಿದರು. ಹುಡುಗಿ ಮುಂದಿನ ಕೋಣೆಯಲ್ಲಿರಬೇಕು, ಅಡುಗೆಮನೆಯ ಹೊಸಿಲು ದಾಟಬಾರದು. ಊಟ ಬಾಳೆಲೆಯಲ್ಲಿ, ಏಕೆಂದರೆ ಎಲೆಯನ್ನು ಎಸೆಯಬಹುದು. ಉಳಿದದ್ದು ನೀರು, ಕಾಫಿಯ ಪ್ರಶ್ನೆ. ನಾವೆಲ್ಲ ಹಿತ್ತಾಳೆಯ ಲೋಟದಲ್ಲಿ ಕುಡಿಯುತ್ತಿದ್ದೆವು. ಪರಜಾತಿಯವರ ತುಟಿ ಸೋಕಿದ ಹಿತ್ತಾಳೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜಿ, ಬೆಂಕಿ ತೋರಿಸಿದ ಮೇಲೆಯೇ ಒಳಗೆ ತರಬೇಕು. ದಿನಕ್ಕೆ ಐದಾರು ಸಲ ಅದನ್ನು ಯಾರು ಮಾಡುತ್ತಾರೆ? ಅಜ್ಜಿ ಬೀರುವಿನಿಂದ ತಮ್ಮ ಮದುವೆಯ ಬೆಳ್ಳಿ ಲೋಟವನ್ನು ತೆಗೆದರು.

“ಬೆಳ್ಳಿಗೆ ಮೈಲಿಗೆ ಇಲ್ಲ ಕಣೇ. ನೀರಲ್ಲಿ ಅದ್ದಿದ್ರೆ ಆಯ್ತು” ಅಂದರು.

ಎರಡನೆಯ ದಿನವೇ ಅವಳು ಕೇಳಿದಳು. ನೀವೆಲ್ಲ ಹಿತ್ತಾಳೆಯಲ್ಲಿ ಕುಡಿಯುತ್ತೀರಿ, ನನಗೇಕೆ ಬೆಳ್ಳಿ? ಅವಳ ದಪ್ಪ ನೋಟ್‌ಪುಸ್ತಕ ತೊಡೆಯ ಮೇಲೆ ತೆರೆದೇ ಇತ್ತು. ಮನೆಯಲ್ಲಿರುವ ಅತ್ಯುತ್ತಮ ಪಾತ್ರೆಯನ್ನು ಅತಿಥಿಗೆ ಕೊಡುವುದು ನಮ್ಮ ಪದ್ಧತಿ ಎಂದು ಹೇಳಿದೆ. ಅವಳು ಬರೆದುಕೊಂಡಳು. ಅಂದಿನಿಂದ ಅಜ್ಜಿ ಲೋಟ ತಂದಾಗಲೆಲ್ಲ ಎದ್ದು ನಿಂತು, ಎರಡೂ ಕೈ ಚಾಚಿ, ತಲೆಯನ್ನು ಸ್ವಲ್ಪ ಬಾಗಿಸಿ ತೆಗೆದುಕೊಳ್ಳತೊಡಗಿದಳು. ಅಜ್ಜಿ ಲೋಟವನ್ನು ಅವಳ ಕೈಗೆ ಇಡುತ್ತಿರಲಿಲ್ಲ, ಬೆರಳು ತಾಕದಂತೆ ತುಸು ಮೇಲಿನಿಂದ ಬಿಡುತ್ತಿದ್ದರು. ಅದನ್ನೂ ಅವಳು ಒಂದು ಶಾಸ್ತ್ರವೆಂದೇ ತಿಳಿದಳು.

“ನಿಮ್ಮೆಲ್ರಿಗಿಂತ ಇವಳಿಗೇ ಮರ್ಯಾದೆ ಗೊತ್ತು” ಎಂದು ಅಜ್ಜಿ ನಮ್ಮನ್ನು ಹಂಗಿಸುತ್ತಿದ್ದರು.

ಹಗಲೆಲ್ಲ ನಾವಿಬ್ಬರೂ ಟೇಪು ಹಿಡಿದು ರಸ್ತೆಗಳನ್ನು ಅಳೆಯುತ್ತಿದ್ದೆವು. ಇಷ್ಟು ಅಗಲವಾದ ಕಾಲುದಾರಿ ಇದ್ದೂ ಜನ ನಡುರಸ್ತೆಯಲ್ಲೇಕೆ ನಡೆಯುತ್ತಾರೆ, ಮನೆಯ ಅತಿ ದೊಡ್ಡ ಕೋಣೆಯಲ್ಲಿ ಯಾರೂ ಏಕೆ ಕೂರುವುದಿಲ್ಲ ಎಂದೆಲ್ಲ ಅವಳು ಕೇಳುತ್ತಿದ್ದಳು. ಒಮ್ಮೆ ಚಿಕ್ಕಲಸಂದ್ರದವರೆಗೆ ಸೈಕಲ್ಲಿನಲ್ಲಿ ಹೋಗಿ, ಗೆರೆಯಿಲ್ಲದ ಹಳ್ಳಿಯೊಂದರ ನಕ್ಷೆಯನ್ನೂ ಬರೆದುಕೊಂಡೆವು. ಅವಳ ಯಾವ ಪ್ರಶ್ನೆಗೂ ನಾನು ಮತ್ತೆ ಸುಳ್ಳು ಹೇಳಲಿಲ್ಲ. ಹೇಳಿದ ಒಂದೇ ಸುಳ್ಳು ದಿನಕ್ಕೆ ಐದಾರು ಸಲ ಬೆಳ್ಳಿಯ ರೂಪದಲ್ಲಿ ಎದುರಿಗೆ ಬರುತ್ತಿತ್ತು. ಅವಳು ತಲೆ ಬಾಗಿಸಿದಾಗ ನಾನು ಬೇರೆಲ್ಲೋ ನೋಡುತ್ತಿದ್ದೆ.

ಆ ಅವಧಿಯಲ್ಲಿ ಉಪನ್ಯಾಸಕರು ಮೇಲ್ವಿಚಾರಣೆಗೆಂದು ಎರಡು ಸಲ ನಮ್ಮ ಮನೆಗೆ ಬಂದಿದ್ದರು. ಮೂವತ್ತರ ಆಸುಪಾಸಿನ, ಮಿತಭಾಷಿ ಮನುಷ್ಯ. ಎರಡು ಸಲವೂ ಜಗಲಿಯ ಕುರ್ಚಿಯಲ್ಲಿ ಕುಳಿತು, ಅವಳ ಆರೋಗ್ಯ ವಿಚಾರಿಸಿ, ಹದಿನೈದು ನಿಮಿಷದಲ್ಲಿ ಎದ್ದು ಹೋಗಿದ್ದರು.

ಅತಿಥಿಗಳು ತಮ್ಮ ‘ಮೊದಲ ಅನಿಸಿಕೆ’ಗಳನ್ನು ಓದಲು, ಅವರವರ ದುಭಾಷಿ ಅದನ್ನು ಕನ್ನಡದಲ್ಲಿ ಹೇಳಲು ಶಾಲೆಯೊಂದರ ಹಾಲಿನಲ್ಲಿ ಸಭೆ ಏರ್ಪಟ್ಟಿತು. ಎರಡು ದಿನ ಮುಂಚೆ ಅವಳು ತನ್ನ ಬರಹವನ್ನು ನನಗೆ ಕೊಟ್ಟಳು. ರಸ್ತೆ, ಚರಂಡಿ, ಮರ ಎಲ್ಲವೂ ಇತ್ತು. ನಡುವೆ ಆ ಪ್ಯಾರಾ. ‘ನನ್ನ ದೇಶದಲ್ಲಿ ಬೆಳ್ಳಿಯನ್ನು ಬೀಗ ಹಾಕಿ ಇಡುತ್ತೇವೆ. ಇಲ್ಲಿ ಮನೆಯವರು ಹಿತ್ತಾಳೆಯಲ್ಲಿ ಕುಡಿದು, ಎಲ್ಲರಿಗಿಂತ ದೂರದಿಂದ ಬಂದವಳಿಗೆ ಬೆಳ್ಳಿಯಲ್ಲಿ ಕೊಡುತ್ತಾರೆ.’ ಅದನ್ನು ತೆಗೆದುಹಾಕು ಎಂದು ಹೇಳಲು ನನಗೆ ಎರಡು ಇಡೀ ದಿನಗಳಿದ್ದವು. ಹೇಳಲಿಲ್ಲ. ಇಡೀ ಬರಹದಲ್ಲಿ ಅದೇ ಅತ್ಯುತ್ತಮ ಪ್ಯಾರಾ, ನನ್ನನ್ನು ಡೆನ್ಮಾರ್ಕಿಗೆ ಕಳುಹಿಸಬಲ್ಲ ಪ್ಯಾರಾ.

ಸಭೆಯ ದಿನ ಅಜ್ಜಿ ಒಂಬತ್ತು ಗಜದ ರೇಷ್ಮೆ ಉಟ್ಟು ಮೊದಲ ಸಾಲಿನಲ್ಲಿ ಕುಳಿತರು. ಅವಳು ಓದಿದಳು, ನಾನು ಕನ್ನಡದಲ್ಲಿ ಹೇಳಿದೆ. ಬೆಳ್ಳಿ ಲೋಟದ ಮಾತು ಬಂದಾಗ ಹೆಂಗಸರ ಕಡೆಯಿಂದ ಅದುಮಿ ಹಿಡಿದ ನಗೆಯೊಂದು ಎದ್ದು ಅಡಗಿತು. ಅಂಥದೇ ಲೋಟ ಅವರವರ ಬೀರುಗಳಲ್ಲೂ ಇತ್ತು. ಅತಿಥಿಗಳು ಬಂದ ಮೇಲೆ ಅವೂ ಹೊರಗೆ ಬಂದಿದ್ದವು. ನಗೆಯನ್ನು ಮುಚ್ಚಲೋ ಎಂಬಂತೆ ಜೋರಾದ ಚಪ್ಪಾಳೆ ಬಿತ್ತು. ಅದು ನಿಂತ ಮೇಲೆ ವೇದಿಕೆಯ ಮೇಲಿದ್ದ ಉಪನ್ಯಾಸಕರು ಎದ್ದರು. ದನಿ ಏರಿಸಲಿಲ್ಲ.

“ಒಂದ್ ಮಾತು ಹೇಳ್ತೀನಮ್ಮ. ನಿಮ್ಮ ಮನೆ ಪಾಯಕ್ಕೆ ಗಾಡೀಲಿ ಕಲ್ಲು ತಂದು ಹಾಕಿದ್ದು ನಮ್ಮಪ್ಪ. ಆ ಪಾಯ ತೆಗೆದ ಜಾಗ ಅದಕ್ಕೆ ಮುಂಚೆ ನಮ್ಮ ರಾಗಿ ಹೊಲ. ಇಂಟರ್‌ಮೀಡಿಯೆಟ್ ಓದ್ತಿದ್ದೆ ನಾನಾಗ, ಕಲ್ಲು ಇಳಿಸೋಕೆ ಬಂದಿದ್ದೆ. ನೀರು ಕೇಳ್ದೆ. ನಿಮ್ಮಜ್ಜಿ ಕೈ ಒಡ್ಡು ಅಂದ್ರು, ಮೇಲಿಂದ ಹುಯ್ದ್ರು. ನನಗೆ ಬೊಗಸೆ, ಇವ್ರಿಗೆ ಬೆಳ್ಳಿ. ಎರಡಕ್ಕೂ ಕಾರಣ ಒಂದೇ ಅಲ್ವಾ? ಅದನ್ನೂ ಅವ್ರಿಗೆ ಹೇಳಿ. ಅವ್ರು ಬರ್ಕೊಂಡು ಹೋಗ್ತಿದಾರೆ.”

ಅಜ್ಜಿ ಸೆರಗನ್ನು ಭುಜದ ಮೇಲೆ ಸರಿಪಡಿಸಿಕೊಂಡು ನನ್ನನ್ನೇ ದಿಟ್ಟಿಸಿದರು. ಏನು ಹೇಳಿದರು ಎಂದು ಅವಳು ನನ್ನ ಕಿವಿಯ ಬಳಿ ಕೇಳಿದಳು. ರಾಗಿ ಬೆಳೆಯುವ ಹಳೆಯ ಹಳ್ಳಿಯ ಕುರಿತು ಎರಡು ಮಾತು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಇಂಗ್ಲಿಷ್ ಬಲ್ಲ ಉಪನ್ಯಾಸಕರು ಮೂರು ಅಡಿ ದೂರದಲ್ಲಿ ನಿಂತಿದ್ದರು. ಭಯವೇ ನನ್ನಿಂದ ನಿಜ ಹೇಳಿಸಿತೆಂದು ಒಪ್ಪಿಕೊಳ್ಳುತ್ತೇನೆ. ಹೇಳತೊಡಗಿದ ಮೇಲೆ ಮಾತ್ರ ಒಂದು ಪದವನ್ನೂ ಬಿಡಲಿಲ್ಲ. ಹೊಲ, ಕಲ್ಲು, ಬೊಗಸೆ. ಬೆಳ್ಳಿಗೇಕೆ ಮೈಲಿಗೆಯಿಲ್ಲ, ಹಿತ್ತಾಳೆಗೇಕೆ ಬೆಂಕಿ. ಎರಡನೆಯ ದಿನ ನಾನು ಹೇಳಿದ್ದು ಸುಳ್ಳು ಎಂಬುದನ್ನೂ ಸೇರಿಸಿದೆ. ಅದನ್ನು ಹೇಳೆಂದು ಯಾರೂ ಕೇಳಿರಲಿಲ್ಲ.

ಅಧ್ಯಕ್ಷರು ಮೇಜಿನ ಮೇಲಿನ ಗಂಟೆಯನ್ನು ಒತ್ತಿದರು. ಅವಳು ನನ್ನ ಮುಖವನ್ನು ನೋಡಲಿಲ್ಲ. ತನ್ನ ಹಾಳೆಗಳತ್ತ ಕಣ್ಣಿಳಿಸಿ ಮುಂದಿನ ಪ್ಯಾರಾ ಓದಿದಳು. ಅದು ರಸ್ತೆಗಳ ಅಗಲದ ವಿಷಯ. ನಾನು ಅಷ್ಟೇ ಸ್ಪಷ್ಟವಾಗಿ ಅದನ್ನೂ ಕನ್ನಡದಲ್ಲಿ ಹೇಳಿ ಮುಗಿಸಿದೆ.

ಮರುದಿನ ಬೆಳಿಗ್ಗೆ ಅಜ್ಜಿ ಎಂದಿನಂತೆ ಬೆಳ್ಳಿ ಲೋಟದಲ್ಲೇ ಕಾಫಿ ತಂದರು. ಅವಳು ಕುಳಿತಲ್ಲಿಂದಲೇ ಒಂದು ಕೈ ಚಾಚಿದಳು.

“ಯಾಕಂತೆ, ಕೈ ನೋವೇ?” ಎಂದು ಅಜ್ಜಿ ನನ್ನನ್ನು ಕೇಳಿದರು. ನಾನು ಅದನ್ನು ಭಾಷಾಂತರಿಸಲಿಲ್ಲ. ಉಳಿದ ಎರಡು ದಿನವೂ ಅವಳು ಹಾಗೆಯೇ ಒಂದೇ ಕೈಯಲ್ಲಿ ತೆಗೆದುಕೊಂಡಳು. ಹೊರಡುವಾಗ ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದಳು.

ಅವರೆಲ್ಲ ಹೋದ ಎರಡು ವಾರಕ್ಕೆ ಸಮಿತಿಯ ಪತ್ರ ಬಂತು. ಅದು ಇಂದಿಗೂ ನನ್ನ ಬಳಿ ಇದೆ. ಆಯ್ಕೆಯಾದದ್ದು ಬೇರೆ ಮನೆಯ ಹುಡುಗ. ನನ್ನ ಬಗ್ಗೆ ಒಂದು ವಾಕ್ಯ: ‘ಪರದೇಶದವರ ಎದುರು ನಮ್ಮ ಮನೆತನಗಳ ಗೌರವವನ್ನು ಕಾಯುವ ವಿವೇಕ ಈ ಅಭ್ಯರ್ಥಿಯಲ್ಲಿ ಸಾಲದು.’ ಅಪ್ಪ ಅದನ್ನು ಎರಡು ಸಲ ಓದಿ, ಒಂದನೆಯ ಗಂಡಿನ ಕಡೆಯವರಿಗೆ ಕಾರ್ಡು ಬರೆಯಲು ಕುಳಿತರು.

ನಾನು ಪತ್ರ ಹಿಡಿದುಕೊಂಡು ನೇರವಾಗಿ ಉಪನ್ಯಾಸಕರ ಮನೆಗೆ ನಡೆದೆ. ಬಡಾವಣೆಯ ಗೆರೆ ಮುಗಿಯುವಲ್ಲಿ ಉಳಿದಿದ್ದ ಹಳೆಯ ಹಳ್ಳಿಯ ತುದಿಯಲ್ಲಿ ಅವರ ಹೆಂಚಿನ ಮನೆ. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವರು ಚಾಪೆ ಹಾಸಿ ಕೂರಿಸಿದರು. ಪತ್ರವನ್ನು ಓದಿ ಹಿಂದಕ್ಕೆ ಕೊಟ್ಟರು.

“ನಾನು ಬರೆದದ್ದು ನಿನ್ನ ಹೆಸರೇ ಕಣಮ್ಮ. ಉಳಿದಿಬ್ರೂ ಬೇಡ ಅಂದ್ರು. ನೀನು ಸುಳ್ಳು ಹೇಳಿದ್ದು ಅವ್ರಿಗೇನೂ ತಪ್ಪಾಗಿ ಕಾಣ್ಲಿಲ್ಲ. ನಿಜ ಹೇಳಿದ್ದೇ ಕಷ್ಟವಾಯ್ತು.”

ಅಧ್ಯಕ್ಷರ ಮನೆಯಲ್ಲೂ ಮುಖ್ಯೋಪಾಧ್ಯಾಯಿನಿಯವರ ಮನೆಯಲ್ಲೂ ಅತಿಥಿಗಳು ಬೆಳ್ಳಿಯಲ್ಲೇ ಕುಡಿದದ್ದನ್ನು ನಾನು ಕಂಡಿದ್ದೆ. ಆ ಇಬ್ಬರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆದರೆ ಅಂದು ಕೋಪವೆಲ್ಲ ಎದುರಿಗಿದ್ದವರ ಮೇಲೆಯೇ ಹರಿಯಿತು.

“ಸಭೆ ಮುಂದೆ ಯಾಕೆ ಎತ್ತಿದ್ರಿ ಸಾರ್? ಎರಡು ಸಲ ಮನೆಗೆ ಬಂದಿದ್ರಲ್ಲ, ಆಗ್ಲೇ ಹೇಳ್ಬಹುದಿತ್ತು.”

“ಎರಡು ಸಲಾನೂ ಬಿಸಿಲಲ್ಲಿ ಸೈಕಲ್ ತುಳ್ಕೊಂಡು ಬಂದಿದ್ದೆ” ಅಂದರು. “ಬಾಯಾರಿತ್ತು.”

ನಾನು ಆ ಎರಡೂ ಭೇಟಿಗಳನ್ನು ಮನಸ್ಸಿನಲ್ಲಿ ನಿಮಿಷ ನಿಮಿಷವಾಗಿ ಬಿಡಿಸಿ ನೋಡಿದೆ. ಮೊದಲ ಸಲ ಕುರ್ಚಿ ತಂದು ಹಾಕಿದ್ದೆ. ಎರಡನೆಯ ಸಲ ನಕ್ಷೆ ತೋರಿಸಿದ್ದೆ. ಬೆಳ್ಳಿ ಲೋಟ ಒಳಗೆ ಅವಳ ಮಂಚದ ಪಕ್ಕದಲ್ಲಿತ್ತು. ಇವರಿಗೆ ನೀರನ್ನು ಯಾವುದರಲ್ಲಿ ಕೊಡಬೇಕೆಂಬ ಯೋಚನೆ ಅಜ್ಜಿಗೆ ಬಂದಿತ್ತೋ ಏನೋ, ನನಗಂತೂ ಕೊಡಬೇಕೆಂಬುದೇ ಹೊಳೆದಿರಲಿಲ್ಲ.

ಅಷ್ಟರಲ್ಲಿ ಅವರ ತಾಯಿ ನೀರು ತಂದರು. ನಮ್ಮ ಮನೆಯವುಗಳಂಥದೇ ಹಿತ್ತಾಳೆಯ ಲೋಟ, ಅಂಚಿನವರೆಗೆ ತುಂಬಿತ್ತು. ಹುಟ್ಟಿದಂದಿನಿಂದ ಬಂದ ಅಭ್ಯಾಸಕ್ಕೆ ನನ್ನ ಕೈ ಲೋಟವನ್ನು ತುಟಿಯಿಂದ ಗೇಣು ಮೇಲಕ್ಕೆ ಎತ್ತಿತು. ಉಪನ್ಯಾಸಕರು ನೋಡುತ್ತಿದ್ದರು. ಇವರು ಇದನ್ನು ಏನೆಂದು ತಿಳಿದಾರು ಎಂದು ಹೊಳೆದು ನನ್ನ ಕೈ ಅಲ್ಲೇ ನಿಂತಿತು. ನೀರು ಕುಪ್ಪಸದ ಮೇಲೆ ತುಳುಕಿತು. ಲೋಟವನ್ನು ಇಳಿಸಿ, ತುಟಿಗೆ ಹಚ್ಚಿಕೊಂಡು, ಒಂದು ಹನಿಯೂ ಬಿಡದೆ ಕುಡಿದೆ.

ತಾಯಿಯ ಮುಖ ಗಂಟಿಕ್ಕಿತು.

“ಎತ್ತಿ ಕುಡೀಬಾರ್ದಾ ತಾಯಿ? ಓದಿದ ಮಗು ನೀನು. ಎಂಜ್ಲಾಯ್ತಲ್ಲ.”

ಲೋಟವನ್ನು ಎರಡು ಬೆರಳಿನಲ್ಲಿ ಹಿಡಿದು ಅವರು ಹಿತ್ತಲಿಗೆ ಹೋದರು. ಮಗ ತಲೆ ತಗ್ಗಿಸಿ ಚಾಪೆಯ ಅಂಚನ್ನು ಸರಿಮಾಡುತ್ತಿದ್ದರು. ನಾನು ಪತ್ರವನ್ನು ನಾಲ್ಕಾಗಿ ಮಡಿಸಿದೆ. ಬೂದಿ ಹಾಕಿ ಹಿತ್ತಾಳೆ ಉಜ್ಜುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.