ದ್ವೀಪಕ್ಕೆ ಹೋದ ಇಪ್ಪತ್ತು ಕಂಬಳಿ

ಹೋಟೆಲಿನಲ್ಲಿ ಅತಿಥಿಯಾಗಿ ಇರುವುದು ಹೇಗೆಂದು ಚಂದ್ರಾಬಾಯಿಗೆ ಕಡೆಯವರೆಗೂ ತಿಳಿಯಲಿಲ್ಲ. ಮೊದಲ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಆಕೆ ಎರಡೂ ಹಾಸಿಗೆ ಕೊಡವಿ, ಒಂದು ಸುಕ್ಕಿಲ್ಲದಂತೆ ಹಾಸಿ, ಬಾಲ್ಕನಿಯ ಮರಳನ್ನು ಗುಡಿಸಿ, ಕಸವನ್ನು ಕಾಗದದಲ್ಲಿ ಕಟ್ಟಿಟ್ಟಿದ್ದಳು. ನಾವು ನಾಷ್ಟಾಕ್ಕೆ ಹೋದಾಗ ಕೋಣೆ ಸ್ವಚ್ಛ ಮಾಡುವವರು ಬಂದರು. ಇಲ್ಲಿ ರಾತ್ರಿ ಯಾರೂ ಮಲಗಿಲ್ಲವೆಂದು ತಿಳಿದು ಬಾಗಿಲಿನಿಂದಲೇ ಹಿಂತಿರುಗಿದರು. ನಮಗೆ ಆ ದಿನ ಹೊಸ ಟವೆಲ್ ಸಿಗಲಿಲ್ಲ.

"ಚಂದ್ರಕ್ಕಾ, ನಾವಿಲ್ಲಿ ಪಾವಣೇರು. ಪಾವಣೇರು ಕಸಾ ಹೊಡ್ಯಾಂಗಿಲ್ಲ," ಎಂದೆ.

"ಪಾವಣೇರಂದ್ರ ಕೈ ಮುರಕೊಂಡ ಬಂದವರೇನ್ರಿ ಬಾಯಾರ?" ಎಂದಳು.

ಚಂದ್ರಾಬಾಯಿ ಮರಾಠಿ ಸೀಮೆಯ ಬರದ ತಾಲ್ಲೂಕಿನ ನಮ್ಮೂರು ದರಿಬಡಚಿಯಲ್ಲಿ ಕಂಬಳಿ ನೇಯುವ ವಿಠೋಬನ ಹೆಂಡತಿ. ವಯಸ್ಸು ಐವತ್ತೆಂಟೋ ಅರವತ್ತೋ, ಆಕೆಗೇ ಖಾತ್ರಿಯಿಲ್ಲ. ಆಧಾರ್ ಕಾರ್ಡಿನಲ್ಲಿ ಐವತ್ತೊಂದು ಎಂದು ಬಿದ್ದಿದೆ, ಅದನ್ನು ತಿದ್ದಿಸುವ ಮನಸ್ಸು ಆಕೆಗಿಲ್ಲ. ನಾನು ನಂದಾ, ಅದೇ ಊರಿನ ಕನ್ನಡ ಶಾಲೆಯ ಶಿಕ್ಷಕಿ, ಊರಿಗೆಲ್ಲ 'ಬಾಯಾರು'. ನಮ್ಮೆರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಹದಿನಾಲ್ಕು ವರ್ಷದಿಂದ ಅವರ ಮಗ್ಗದ ಸದ್ದಿಗೇ ನಾನು ಏಳುವುದು, ಗಡಿಯಾರ ಬೇಕಾಗಿಲ್ಲ.

ಆ ಮನೆಯಲ್ಲಿ ಮಗ್ಗ ವಿಠೋಬನದು. ಉಣ್ಣೆ ನೂಲುವುದು, ಗಂಜಿ ಕುಡಿಸುವುದು ಚಂದ್ರಾಬಾಯಿಯದು. ಊರವರು ಕಂಬಳಿ ನೋಡಿ ವಿಠೋಬನನ್ನು ಹೊಗಳುತ್ತಾರೆ, ಅವನು ಮೀಸೆ ತಿರುವುತ್ತಾನೆ. ಆದರೆ ಗುಟ್ಟೆಲ್ಲ ಗಂಜಿಯದು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿದರೆ ಅಂಟಂಟಾದ ಗಂಜಿ ಆಗುತ್ತದೆ. ಅದನ್ನು ಕುಂಚದಿಂದ ಸವರಿ ಬಿಸಿಲಿಗೆ ಹಾಕಿದರೆ ಕಂಬಳಿ ಬಿರುಸಾಗುತ್ತದೆ. ನಮ್ಮ ಕಡೆ ಒಳ್ಳೆಯ ಕಂಬಳಿಯೆಂದರೆ ನೆಲಕ್ಕಿಟ್ಟರೆ ತಾನೇ ನಿಲ್ಲಬೇಕು, ಮೇಲೆ ನೀರು ಸುರಿದರೆ ಹನಿ ಕೆಳಗಿಳಿಯಬಾರದು. ಕುರಿ ಹಿಂದೆ ಅಡವಿ ತಿರುಗುವವರಿಗೆ ಮಳೆಯಲ್ಲಿ ಅದೇ ಮನೆ.

ಈ ಊರಿಗೆ ಬರುವ ಮೊದಲು ನಾನು ಕುಣಿಕೋಣೂರಿನ ಶಾಲೆಯಲ್ಲಿದ್ದಾಗ ಕಲಿಸಿದ ಹುಡುಗಿ ಸೃಷ್ಟಿ. ಹೋಟೆಲಿನ ಕೋರ್ಸ್ ಮಾಡಿ, ಈಗ ಕೊಂಕಣದ ದಂಡೆಯಾಚೆಗಿನ ಒಂದು ಪುಟ್ಟ ದ್ವೀಪದ ಹೋಟೆಲಿನಲ್ಲಿ ಕೋಣೆಗಳ ಉಸ್ತುವಾರಿ ನೋಡುತ್ತಾಳೆ. ಹೋದ ವರ್ಷ ದೀಪಾವಳಿಗೆ ನನ್ನನ್ನು ನೋಡಲು ಬಂದವಳು ಪಕ್ಕದ ಮನೆಯ ಕಂಬಳಿ ನೋಡಿ ಮರುಳಾದಳು. ಹೋಟೆಲಿನ ಮಾಲಕಿ ಸಾವಂತಬಾಯಿಯನ್ನು ಒಪ್ಪಿಸಿ, ಇಪ್ಪತ್ತು ಕೋಣೆಗೆ ಇಪ್ಪತ್ತು ಕಂಬಳಿ ಬೇಕೆಂದು ಹೇಳಿ ಕಳಿಸಿದಳು. ಯಂತ್ರ ಹಚ್ಚಿ ಕೋಣೆ ತಣ್ಣಗೆ ಮಾಡಿ, ಆಮೇಲೆ ಚಳಿಯೆಂದು ಕಂಬಳಿ ಹೊದಿಸುತ್ತಾರೆಂದು ಕೇಳಿ ವಿಠೋಬ ದಿನವಿಡೀ ನಕ್ಕ. ನಕ್ಕರೂ ಆ ಬೇಸಿಗೆ ಮುಗಿಯುವತನಕ ಗಂಡ ಹೆಂಡತಿ ಇಬ್ಬರೂ ಬೇರೆ ಕೆಲಸ ಮುಟ್ಟಲಿಲ್ಲ.

ಚಂದ್ರಾಬಾಯಿಯ ತಪ್ಪು ಆದದ್ದು ಅಲ್ಲೇ. "ದೊಡ್ಡ ಮಂದಿ ಹೊಚ್ಚಿಕೊಳ್ಳಾವ್ರು, ನಮ್ಮ ಕಡಿಂದ ಒಂದ ಕೈ ಹೆಚ್ಚಿಗಿ ಇರಲಿ," ಎಂದು ಒಂದು ಸಲ ಕುಡಿಸುವ ಗಂಜಿಯನ್ನು ಎರಡು ಸಲ ಕುಡಿಸಿದಳು. ಜಾಣೆಯಂತೆ ನಾನೂ ಗೆಣ್ಣಿನಿಂದ ಬಡಿದು ನೋಡಿ, "ಹಲಗಿ ಹಲಗಿ ಆಗೇದ ನೋಡ ಚಂದ್ರಕ್ಕಾ," ಎಂದು ಬೆನ್ನು ತಟ್ಟಿದ್ದೆ. ಮಳೆಗಾಲಕ್ಕೆ ಮುಂಚೆ ಕಂಬಳಿಗಳು ಹೋದವು.

ಈ ವರ್ಷ ದೀಪಾವಳಿ ಸೂಟಿ ಹತ್ತಿರ ಬಂದಾಗ ಸೃಷ್ಟಿಯ ಫೋನು ಬಂತು. ಅಳುವುದೊಂದು ಬಾಕಿ.

"ಬಾಯಿ, ಕಂಬಳಿ ವಾಸನಿ ಹೊಡ್ಯಾಕತ್ತಾವ್ರಿ. ಕೈ ಹಚ್ಚಿದ್ರ ಅಂಟತಾವ. ಇಲ್ಲಿ ಇದ್ದ ಹೋದ ಮಂದಿ ಫೋನಿನಾಗ ಬರದ ಹಾಕ್ಯಾರ. ಜಾಗಾ ಸ್ವರ್ಗ, ಊಟಾ ಚಲೋ, ಕಂಬಳಿ ಮಾತ್ರ ಹುಳಿ ಹಿಟ್ಟಿನ ವಾಸನಿ ಅಂತ. ಮಾಲಕೀನಬಾಯಿ ಎಲ್ಲಾ ಕಟ್ಟಿ ವಾಪಸ್ ಕಳಸ ಅಂದ್ರು. ಮಾಡಿದವರನ್ನ ಒಮ್ಮಿ ಕರಸೂಣು, ಇಲ್ಲಿ ಇದ್ದ ನೋಡಲಿ, ಆಮ್ಯಾಲ ಕಳಸೂದಿದ್ರ ಕಳಸ್ರಿ ಅಂತ ಭಾಳ ಹೇಳಿ ಒಪ್ಪಿಸೇನಿ. ಚಂದ್ರಾ ಕಾಕೂಗ ನೀವು ಸಮಾಧಾನದಿಂದ ತಿಳಿಸಿ ಹೇಳ್ರಿ."

'ವಾಪಸ್' ಎಂಬ ಮಾತಿಗೇ ನಾನು ಹೆದರಿದೆ. ವಿಠೋಬನ ಮನೆತನದಲ್ಲೊಂದು ಪದ್ಧತಿಯಿದೆ. ತಿರುಗಿ ಬಂದ ಕಂಬಳಿಯನ್ನು ಅವರು ಇನ್ನೊಬ್ಬರಿಗೆ ಮಾರುವುದಿಲ್ಲ. ತುಂಡು ತುಂಡು ಕತ್ತರಿಸಿ ಎಳೆ ಮರಿಗಳಿಗೆ ಹೊದಿಸಿಬಿಡುತ್ತಾರೆ. ಆರು ವರ್ಷದ ಹಿಂದೆ ಶೇಗಾಂವದಿಂದ ಒಂದೇ ಒಂದು ಕಂಬಳಿ ವಾಪಸ್ ಬಂದಿತ್ತು. ಅದನ್ನು ಕತ್ತರಿಸಿದ ಮೇಲೆ ಚಂದ್ರಾಬಾಯಿ ಎಂಟು ದಿನ ಯಾರೊಂದಿಗೂ ಮಾತಾಡಿರಲಿಲ್ಲ. ಈಗ ಇಪ್ಪತ್ತು, ಒಂದು ವರ್ಷದ ಉಣ್ಣೆ, ಇಬ್ಬರ ದುಡಿಮೆ.

ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ನಿಜ ಹೇಳಿರೆಂದು ದಿನಾ ಗದರಿಸುವವಳು ನಾನು, ಗೋಡೆಯಾಚೆ ಹೋಗಿ, "ನಿನ್ನ ಕಂಬಳಿ ಭಾಳ ಮೆಚ್ಚ್ಯಾರಂತ, ಸಮುದ್ರಾ ನೋಡಾಕ ನಮ್ಮಿಬ್ಬರನ್ನೂ ಕರದಾರ," ಎಂದು ಹಸಿ ಸುಳ್ಳು ಹೇಳಿ ಬಂದೆ. ಕುರಿ ಈಯುವ ಸಮಯ, ವಿಠೋಬ ಬರುವಂತಿರಲಿಲ್ಲ. ಅವನು ಹೆಂಡತಿಗೆ, "ಕರದದ್ದು ನಿನಗ, ನೀ ಹೋಗಿ ಬಾ," ಎಂದ.

ಹೆಂಗಸರಿಗಿರುವ ಅರ್ಧ ತಿಕೀಟಿನಲ್ಲಿ ಎರಡು ಬಸ್ಸು ಬದಲಿಸಿ, ಮರುದಿನ ಮಧ್ಯಾಹ್ನ ದೋಣಿ ಹತ್ತಿದೆವು. ದೋಣಿ ಅಲುಗಾಡಿದಾಗೆಲ್ಲ ಆಕೆ ನನ್ನ ಕೈ ಹಿಸುಕಿದ ರಭಸಕ್ಕೆ ಎರಡು ಬಳೆ ಒಡೆದವು. ಸುತ್ತ ನೋಡಿ, "ಇಷ್ಟ ನೀರಿದ್ದೂ ಒಂದ ತಂಬಗಿ ಕುಡ್ಯಾಕ ಬರೂದಿಲ್ಲಂತ," ಎಂದು ಲೊಚಗುಟ್ಟಿದಳು.

ದ್ವೀಪದ ದಕ್ಕೆಯಲ್ಲಿ ಸೃಷ್ಟಿ ಇಬ್ಬರ ಕಾಲಿಗೂ ಎರಗಿದಳು. ಕೋಕಂ ಪಾನಕ ಬಂತು, ತಂಪಾದ ಒದ್ದೆ ಬಟ್ಟೆ ಬಂತು. ಆ ಬಟ್ಟೆ ಯಾತಕ್ಕೆಂದು ತಿಳಿಯದೆ ಚಂದ್ರಾಬಾಯಿ ಅದರಿಂದ ಮೇಜು ಒರೆಸಿದಳು. ಸಾವಂತಬಾಯಿ ದೂರ ನಿಂತು ನೋಡುತ್ತಿದ್ದರು. ಅರವತ್ತು ದಾಟಿದ ಹೆಂಗಸು, ನೆಟ್ಟಗಿನ ಬೆನ್ನು, ಮುಖದಲ್ಲಿ ನಗೆಯಿಲ್ಲ. ಉಳಿದ ಕಂಬಳಿಗಳನ್ನೆಲ್ಲ ತೆಗೆದು ಉಗ್ರಾಣದಲ್ಲಿ ಒಟ್ಟಿದ್ದರು, ನಮಗೆ ಕೊಟ್ಟ ಕೋಣೆಯಲ್ಲಿ ಒಂದು ಮಂಚದ ಕಾಲದೆಸೆಗೆ ಮಾತ್ರ ಒಂದನ್ನು ಮಡಚಿ ಇಟ್ಟಿದ್ದರು. ಚಂದ್ರಾಬಾಯಿ ಅದರ ಮೇಲೆ ಕೈಯಾಡಿಸಿ, "ತಂಪಿನ ಯಂತ್ರ ಬ್ಯಾಡ, ಕಿಡಕಿ ತಗದ ಇಡ್ರಿ," ಎಂದು ಅದನ್ನೇ ಹೊದ್ದು ಮಲಗಿದಳು.

ಸ್ನಾನದ ಮನೆಯಲ್ಲಿ ಒಂದು ಸೂಚನೆ ಅಂಟಿಸಿದ್ದರು. ಸಿಹಿನೀರು ದೋಣಿಯಲ್ಲಿ ಬರುತ್ತದೆ, ದಯವಿಟ್ಟು ಹಿಡಿತದಲ್ಲಿ ಬಳಸಿ ಎಂದು. ನಾನು ಓದಿ ಹೇಳಿದೆ. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದವರಿಗೆ ಇದನ್ನೆಲ್ಲ ಬರೆದು ತಿಳಿಸಬೇಕಾಗಿಲ್ಲ. ಆಕೆ ಅರ್ಧ ಬಕೆಟಿನಲ್ಲಿ ಸ್ನಾನ ಮುಗಿಸಿ ಉಳಿದರ್ಧ ನನಗಿಟ್ಟಳು. ನಾಷ್ಟಾದ ಮೇಜಿನ ಮೇಲೆ ಹದಿನಾಲ್ಕು ಬಗೆ ಇದ್ದವು. ನಾನು ನಾಚಿಕೆ ಬಿಟ್ಟು ಒಂಬತ್ತು ಬಗೆ ತಿಂದೆ. ಆಕೆ ಸೀಗಡಿಯ ತಟ್ಟೆಯನ್ನು ಒಮ್ಮೆ ನೋಡಿ, ಗಂಟು ಬಿಚ್ಚಿ, ಮನೆಯಿಂದ ತಂದ ಒಣ ಕಟಕ ರೊಟ್ಟಿಯನ್ನು ಚಹಾದಲ್ಲಿ ಅದ್ದಿಕೊಂಡಳು.

ಕೋಣೆಗೆ ಬಂದ ಮೇಲೆ ಕಂಬಳಿಯನ್ನು ತೊಡೆಯ ಮೇಲೆ ಹರಡಿಕೊಂಡು ಬಾಲ್ಕನಿಯಲ್ಲಿ ಕುಳಿತಳು. ಮೂಸಿ ನೋಡಿದಳು. ಹೆಬ್ಬೆರಳು ಒತ್ತಿದಳು, ಗುರುತು ಹಾಗೆಯೇ ಉಳಿಯಿತು.

"ಬಾಯಾರ, ಇಲ್ಲಿ ಮುಟ್ಟಿ ನೋಡ್ರಿ. ಗಂಜಿ ಹಳಸೇದ. ನಮ್ಮೂರ ಗಾಳಿ ಒಣಸೂ ಗಾಳಿ, ಇದು ನೆನಸೂ ಗಾಳಿ. ಉಣ್ಣಿದೇನೂ ತಪ್ಪಿಲ್ಲ, ನೇಯ್ಗಿದೂ ತಪ್ಪಿಲ್ಲ. ತಪ್ಪ ನಂದು."

ಇಷ್ಟು ಹೇಳಿ ಎದ್ದವಳೇ ಕಂಬಳಿ ಹೆಗಲಿಗೆ ಹಾಕಿಕೊಂಡು ಸಾವಂತಬಾಯಿಯ ಆಫೀಸಿಗೆ ನಡೆದಳು. ನಾನು ಹಿಂದೆ ಓಡಿದೆ. ನನ್ನ ಮಾತಿನ ಸಹಾಯವೇನೂ ಬೇಕಾಗಲಿಲ್ಲ, ಮರಾಠಿಯಲ್ಲಿ ತಾನೇ ನೇರವಾಗಿ ಹೇಳಿದಳು. ಗಂಜಿ ಹೆಚ್ಚು ಕುಡಿಸಿದ್ದು ನಾನು, ಅದನ್ನು ತೆಗೆಯುವವಳೂ ನಾನೇ, ಸಮಯ ಕೊಡಿ ಎಂದಳು. ಸಾವಂತಬಾಯಿಯ ಉತ್ತರವೂ ನೇರವಾಗಿತ್ತು. ಅಂದು ಶುಕ್ರವಾರ. ಸೋಮವಾರ ಸಾಮಾನಿನ ದೋಣಿ ಹೋಗುತ್ತದೆ, ಕಂಬಳಿ ಅದರಲ್ಲಿ ವಾಪಸ್ ಹೋಗುತ್ತವೆ. ಇಪ್ಪತ್ತು ಕಂಬಳಿ ತೊಳೆಯುವಷ್ಟು ಸಿಹಿನೀರು ಈ ದ್ವೀಪದಲ್ಲಿಲ್ಲ, ಇದ್ದದ್ದು ಉಳಿದುಕೊಂಡವರಿಗೇ ಸಾಲದು.

ಚಂದ್ರಾಬಾಯಿ ಕಿಟಕಿಯಾಚೆ ಸಮುದ್ರದ ಕಡೆ ಕೈ ಮಾಡಿದಳು. "ಗಂಜಿ ಬಿಡಸಾಕ ಅದು ಸಾಕು. ಉಪ್ಪ ಕಳ್ಯಾಕ ಮಾತ್ರ ಕಡೀಕ ಎರಡ ಬಕೀಟ ಸೀ ನೀರ ಬೇಕು. ಮೊದಲ ಒಂದ ಮಾಡಿ ತೋರಸ್ತೀನಿ. ನಮ್ಮಿಬ್ಬರ ಜಳಕದ ನೀರಾಗs ಆಗ್ತದ."

ನನ್ನನ್ನು ಒಂದು ಮಾತೂ ಕೇಳದೆ ನನ್ನ ಜಳಕದ ನೀರನ್ನೂ ದಾನ ಮಾಡಿದ್ದಳು.

ಬಂಡೆಗಳ ನಡುವೆ ಭರತದ ನೀರು ಉಳಿದು ಮೊಣಕಾಲುದ್ದ ಹೊಂಡವಾಗಿತ್ತು. ಸೀರೆ ಕಚ್ಚೆ ಹಾಕಿ ಇಳಿದು ಕಂಬಳಿ ತುಳಿದಳು. ನೀರು ಅನ್ನದ ತಿಳಿಯಂತೆ ಬೆಳ್ಳಗಾಯಿತು. ಹೊಂಡ ಬದಲಿಸಿ ಮತ್ತೆ ತುಳಿದಳು, ಮತ್ತೊಂದು ಹೊಂಡದಲ್ಲಿ ಮೂರನೆಯ ಸಲ. ಕೊನೆಗೆ ಸಿಹಿನೀರಿನಲ್ಲಿ ಹಿಂಡಿ ಹಗ್ಗಕ್ಕೆ ಹಾಕಿದಳು. ನೋಡಲು ಬಂದ ಅತಿಥಿಗಳಲ್ಲಿ ಪುಣೆಯ ಒಬ್ಬ ನಿವೃತ್ತ ನರ್ಸ್ ಇದ್ದರು, ಬೆಳ್ಳಿ ಕೂದಲಿನವರು. ಇದೇನು ಎಂದು ಕೇಳಿದರು. ಸೃಷ್ಟಿ ಎಲ್ಲವನ್ನೂ ಹೇಳಿದಳು, ಇಪ್ಪತ್ತು ಕಂಬಳಿ ವಾಪಸ್ ಹೋದರೆ ಊರಿನಲ್ಲಿ ಅವುಗಳ ಗತಿ ಏನೆಂದು ನನ್ನಿಂದ ಕೇಳಿದ್ದನ್ನೂ.

ಶನಿವಾರ ಸಂಜೆ ಆ ಕಂಬಳಿ ಒಣಗಿತು. ಬಿರುಸು ಪೂರ್ತಿ ಹೋಗಿ, ಕುರಿಮರಿಯ ಕಿವಿಯಷ್ಟು ಮೆತ್ತಗಾಗಿತ್ತು. ವಾಸನೆಯಿಲ್ಲ, ಅಂಟಿಲ್ಲ. ಆದರೂ ಸಾವಂತಬಾಯಿ ತಲೆಯಾಡಿಸಿದರು. ಇನ್ನು ಹತ್ತೊಂಬತ್ತಕ್ಕೆ ಮೂವತ್ತೆಂಟು ಬಕೆಟ್ ನೀರನ್ನು ಎಲ್ಲಿಂದ ತರುವುದು?

ಆಗ ಆ ನರ್ಸ್ ಬಾಯಿ, ನಾಳೆ ನನ್ನ ಸ್ನಾನದ ನೀರು ತೆಗೆದುಕೊಳ್ಳಿ, ನಾನು ಹೇಗೂ ಸಮುದ್ರದಲ್ಲೇ ಬಿದ್ದಿರುತ್ತೇನೆ ಎಂದರು. ಊಟದ ಮೇಜಿನಲ್ಲಿ ಈ ಮಾತು ಒಬ್ಬರಿಂದೊಬ್ಬರಿಗೆ ದಾಟಿತು. ಒಬ್ಬರು ಎರಡು ಬಕೆಟ್ ಎಂದರು, ಇನ್ನೊಬ್ಬರು ನಮ್ಮ ಮನೆಯವರದ್ದೂ ಸೇರಿಸಿ ಎಂದರು. ನೀರು ಬಿಟ್ಟುಕೊಡುವುದು ಎಂಥ ಮಾತೆಂದು ನಮ್ಮ ತಾಲ್ಲೂಕಿನವರಿಗೆ ಗೊತ್ತು. ಚಂದ್ರಾಬಾಯಿ ಊಟ ಬಿಟ್ಟು ಎದ್ದು ನಿಂತು, ಪ್ರತಿ ಮೇಜಿನ ಮುಂದೂ ಹೋಗಿ ಕೈ ಮುಗಿದಳು. ನನ್ನ ಕಣ್ಣು ತುಂಬಿದವು, ಮೀನಿನ ಸಾರಿನ ಹೊಗೆಯೆಂದು ಸೃಷ್ಟಿಗೆ ಸುಳ್ಳು ಹೇಳಿದೆ. ಅದು ನನ್ನ ಎರಡನೆಯ ಸುಳ್ಳು.

ಭಾನುವಾರ ಬಂಡೆಗಳ ಹತ್ತಿರ ನಡೆದದ್ದನ್ನು ನೋಡಬೇಕಿತ್ತು. ಸಾವಿರಾರು ಕೊಟ್ಟು ಆರಾಮ ಮಾಡಲು ಬಂದವರು ಪ್ಯಾಂಟು ಮೇಲೆ ಸುತ್ತಿ ಕಂಬಳಿ ತುಳಿಯುತ್ತಿದ್ದರು. ಚಂದ್ರಾಬಾಯಿ ಸೊಂಟಕ್ಕೆ ಕೈಯಿಟ್ಟು, "ಹಿಂಗ್ ಕುಣ್ಯಾಕ ಹೋಗಬ್ಯಾಡ್ರಿ, ಹಿಮ್ಮಡಿ ಊರ್ರಿ!" ಎಂದು ಕನ್ನಡದಲ್ಲೇ ಬೈಯುತ್ತಿದ್ದಳು. ಅವರು ಅರ್ಥವಾದವರ ಹಾಗೆ ಹಿಮ್ಮಡಿ ಊರುತ್ತಿದ್ದರು. ನಾನೂ ಮೂರು ಕಂಬಳಿ ತುಳಿದೆ, ಆಮೇಲೆ ಎರಡು ದಿನ ಕುಂಟಿದೆ.

ಸೋಮವಾರ ಮಧ್ಯಾಹ್ನ ಸಾವಂತಬಾಯಿ ಹಗ್ಗದಿಂದ ಒಂದು ಕಂಬಳಿ ಎಳೆದುಕೊಂಡು, ಆರಾಮ ಕುರ್ಚಿಯಲ್ಲಿ ಕುಳಿತು ಮೊಣಕಾಲ ಮೇಲೆ ಹೊದ್ದುಕೊಂಡರು. ಆಮೇಲೆ, ಇದು ನನಗಿರಲಿ, ಕೋಣೆಗೆ ಒಂದು ಕಡಿಮೆ ಬಿತ್ತು, ಗಂಜಿ ಇಲ್ಲದ್ದು ಒಂದು ನೇಯ್ದು ಕಳಿಸಿ ಎಂದರು. ಸಾಮಾನಿನ ದೋಣಿ ಕಂಬಳಿಗಳಿಲ್ಲದೆ ಹೊರಟಿತು. ಅದರಲ್ಲಿ ನಾವಿಬ್ಬರೇ ಕುಳಿತೆವು.

ದಂಡೆ ಹತ್ತಿರವಾದಾಗ ನನಗೆ ತಡೆಯಲಾಗಲಿಲ್ಲ. "ಚಂದ್ರಕ್ಕಾ, ನಾ ನಿನಗ ಸುಳ್ಳ ಹೇಳಿ ಕರಕೊಂಡ ಬಂದೆ. ಅವರು ಮೆಚ್ಚಿ ಕರದಿರಲಿಲ್ಲ," ಎಂದೆ.

ಆಕೆ ನೀರಿನತ್ತಲೇ ನೋಡುತ್ತಿದ್ದಳು. "ಗೊತ್ತಿತ್ತ್ರಿ. ಚಲೋ ಸುದ್ದಿ ಇದ್ರ ನೀವು ಗ್ವಾಡಿ ಆ ಕಡಿಂದನs ಒದರತೀರಿ. ಅವತ್ತ ಮೆಲ್ಲಕ ಮನೀ ಒಳಗ ಬಂದ ಕುಂತ್ರಿ."

"ಗೊತ್ತಿದ್ದೂ ಯಾಕ ಬಂದಿ?"

"ಸರಕ ಕೆಟ್ಟರ ಮಂದಿ ಮಾರಿಗೆ ಒಗೀತಾರ ಬಾಯಾರ. ಮೂವತ್ತ ವರ್ಷದಾಗ ಅದನ್ನs ನೋಡೇನಿ. ಇವರು ಹಾಸಿಗಿ ಹಾಸಿ, ಬಾ, ಮಲಗಿ ನೋಡ ಅಂತ ಕರದ್ರು. ಅಂಥವರು ಕರದಾಗ ಬರದs ಇರಾಕ ಆಗ್ತದೇನ್ರಿ?"