ಹಿಮದಲ್ಲಿ ಹಿಂದೆ ನಿಂತವನು

ಇದನ್ನು ಬರೆಯುವುದನ್ನು ಒಂದು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಪ್ರತಿ ವಾರ ಪೆನ್ನು ಹಿಡಿದೆ. ಪ್ರತಿ ವಾರ ತೊಗರಿ, ಬಸ್ಸು, ನೀರಿನ ಟ್ಯಾಂಕು ಅಂತ ಬೇರೇನನ್ನೋ ಬರೆದು ಪೇಪರಿಗೆ ಕಳಿಸಿದೆ. ನೀವು ಓದಿ ಮೆಚ್ಚಿದಿರಿ. ಅದಕ್ಕೂ ನಾಚಿಕೆಯಾಗುತ್ತಿದೆ.

ಕಳೆದ ಸೋಮವಾರ ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನು ತಡೆದಳು. ನಮ್ಮೂರು ಇಂಗಳೇಶ್ವರದ ಫೌಜಿಯ ಹೆಂಡತಿ. (ಸೈನ್ಯದಿಂದ ನಿವೃತ್ತನಾಗಿ ಬಂದವನನ್ನು ಊರೆಲ್ಲ ಕರೆಯುವುದೇ ಹಾಗೆ.)

"ಅಣ್ಣಾರ, ಒಂದ್ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಮನಿಯವರು ಹಿಮದಾಗ ಖರೇನ ಅಂಜಿ ಹಿಂದ ನಿಂತಿದ್ರೇನ್ರಿ?"

ನಾನೇನು ಹೇಳಿದೆ ಗೊತ್ತೇ? "ಬಸ್ ಬಂತವ್ವಾ" ಎಂದು ಹತ್ತಿಬಿಟ್ಟೆ. ಅದು ಸಿಂದಗಿ ಬಸ್ಸು. ಸಿಂದಗಿಯಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ಹೋದ ಚಳಿಗಾಲ ನಾನು, ನನ್ನ ಹೆಂಡತಿಯ ತಮ್ಮ ಗುರುಪಾದ, ಫೌಜಿ, ಮೂವರು ಹಿಮಾಚಲಕ್ಕೆ ಟೂರ್ ಹೋಗಿದ್ದೆವು. ಎರಡು ದಿನ ಹಿಮ ಸುರಿದು ಮೂರನೆಯ ದಿನ ಬಿಸಿಲು ಬಿತ್ತು. ಕಡಿದಾದ ಇಳಿಜಾರೊಂದರ ಆಚೆ ಗುಡಿ ಕಾಣುತ್ತಿತ್ತು. ಕಾಲು ಗಂಟೆಯ ಹಾದಿ.

"ಇವತ್ತು ಬ್ಯಾಡ್ರಿ ಅಣ್ಣಾರ," ಎಂದ ಫೌಜಿ. "ಹೊಸಾ ಹಿಮ, ಮ್ಯಾಲೆ ಬಿಸಲು. ಇಂಥಾ ಇಳಿಜಾರು ಜಾರಿ ಬರತೈತಿ. ಕೆಳಗ ಗಿಡಮರದ ನಡುವ ಹಾದಿ ಐತಿ. ಸುತ್ತಾದ್ರೂ ಅದ ಚಲೋ."

ನಾನು ಎರೆಹೊಲದ ರೈತ. ಮಳೆಯಾದ ಮೇಲೆ ಹೊಲಕ್ಕೆ ಚಕ್ಕಡಿ ಇಳಿಸಬಹುದೇ ಎಂದು ನಾವು ಹಿಮ್ಮಡಿಯಿಂದ ಒದ್ದು ನೋಡುತ್ತೇವೆ. ಮೇಲ್ಪದರ ಗಟ್ಟಿಯಿದ್ದರೆ ಹೊಲ ಭಾರ ಹೊರುತ್ತದೆ. ಹಿಮಕ್ಕೂ ಹಾಗೇ ಒದ್ದೆ.

"ಕಲ್ಲಾಗೇತಿ ನೋಡೋ!"

"ಅದ ಮೋಸ್ರಿ. ಗಟ್ಟಿ ಪದರಿನ ಕೆಳಗ ಸಡ್ಲ ಇರತೈತಿ. ಆ ಗಟ್ಟಿ ಪದರ ಹಲಿಗಿ ಕಿತ್ತಂಗ ಕಿತ್ತು ಬರತೈತಿ."

"ಇಷ್ಟ ಅಂಜತೀಯಲ್ಲೋ! ಫೌಜಿನಾಗ ಬಂದೂಕು ಹಿಡಿದಿದ್ಯೋ, ಸೌಟು ಹಿಡಿದಿದ್ಯೋ?"

ಗುರುಪಾದ ನಕ್ಕ. ಫೌಜಿ ನಗಲಿಲ್ಲ.

"ಹೋಗೂದಾದ್ರ ಒಬ್ಬೊಬ್ಬರ ಹೋಗ್ರಿ. ಒಬ್ಬರು ದಾಟೂತನಾ ಉಳಿದವರು ನಿಂತು ಕಣ್ಣಿಡಬೇಕು. ನಾ ಇಲ್ಲೇ ನಿಂತು ನೋಡ್ತೇನಿ."

ಒಬ್ಬೊಬ್ಬರೇ? ಪಾದಯಾತ್ರೆಯಲ್ಲೂ ಗುಂಪು ಬಿಡದ ಜನ ನಾವು! ಗುರುಪಾದನ ಕೈ ಹಿಡಿದು ಹೊರಟೆ. ನಡುದಾರಿಯಲ್ಲಿ ಕಾಲಡಿ 'ಧಪ್' ಎಂದಿತು. ಮೇಲೆ ಹಿಮದಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತು. ನಾನು ಕೈ ಬಿಟ್ಟೆ. (ಬಿಟ್ಟುಹೋಯಿತು ಎಂದು ಇಷ್ಟು ದಿನ ಹೇಳಿದ್ದೇನೆ. ಅಲ್ಲ, ಬಿಟ್ಟೆ.) ಓಡಿ ಆಚೆಯ ಬಂಡೆ ಸೇರಿದೆ. ತಿರುಗಿ ನೋಡಿದರೆ ಗುರುಪಾದ ಇರಲಿಲ್ಲ.

ಆದರೆ ಫೌಜಿ ಕಣ್ಣು ಕದಲಿಸಿರಲಿಲ್ಲ. ಹಿಮ ಗುರುಪಾದನನ್ನು ಎಲ್ಲಿಗೆ ಒಯ್ದು ಮುಳುಗಿಸಿತೆಂದು ನೋಡಿಟ್ಟುಕೊಂಡಿದ್ದ. ಅದೇ ಇಳಿಜಾರಿಗೆ ಇಳಿದ, ಕೋಲು ಚುಚ್ಚಿ ಹುಡುಕಿದ, ಬರಿಗೈಯಲ್ಲಿ ತೋಡಿದ. ನಾನು ಬಂಡೆಯಿಂದ ಇಳಿದು ಬರುವ ಹೊತ್ತಿಗೆ ಮುಖ ಬಿಡಿಸಿ, ಬಾಯೊಳಗಿನ ಹಿಮ ತೆಗೆದಾಗಿತ್ತು. ನಾನು ಗುರುಪಾದನ ತಲೆ ಎತ್ತಿ ಹಿಡಿದುಕೊಂಡೆ, ಅಷ್ಟೇ. ಫೌಜಿ ಕಾಲಿನ ಕಡೆ ತೋಡುತ್ತಿದ್ದ. ಗುರುಪಾದ ಕಣ್ಣು ತೆರೆದಾಗ ಕಂಡದ್ದು ನನ್ನ ಮುಖ.

"ಮಾಮಾ... ನೀ ತೆಗದಿ?"

"ಹೂಂ" ಎಂದೆ.

ಅಂದಿನಿಂದ ಅವನು ಹಬ್ಬ ಹಬ್ಬಕ್ಕೂ ನನ್ನ ಕಾಲು ಮುಟ್ಟುತ್ತಾನೆ. ನಾನು ಕಾಲು ಚಾಚುತ್ತೇನೆ.

ಊರಿನ ಹೊಟೇಲಿನಲ್ಲಿ, "ಫೌಜಿ ಏನ್ ಮಾಡಿದಾ ಅಣ್ಣಾರ?" ಎಂದು ಯಾರೋ ಕೇಳಿದರು. "ಅಂವಾ ಹಿಂದ ನಿಂತಿದ್ದ" ಎಂದೆ. ಸುಳ್ಳೇನಲ್ಲವಲ್ಲ! ಅಷ್ಟೇ ಸಾಕಾಯಿತು. ಮರುದಿನ ಅವನು ಚಹಾಕ್ಕೆ ಬಂದಾಗ ಒಬ್ಬ ಕೂಗಿದ: "ಮುಂದ ಬರ್ರಿ ಫೌಜಿ, ಇಲ್ಲಿ ಹಿಮ ಇಲ್ಲ!"

ಹೊಟೇಲೇ ನಕ್ಕಿತು. ನಾನೂ ನಕ್ಕೆ. ಅವನು ನನ್ನನ್ನೊಮ್ಮೆ ನೋಡಿದ. "ಚಾ ಆರಾಕತ್ತೈತಿ, ಕುಡೀರಿ ಅಣ್ಣಾರ" ಎಂದು ಹೊರಟುಹೋದ. ಮತ್ತೆ ಆ ಹೊಟೇಲಿಗೆ ಕಾಲಿಟ್ಟಿಲ್ಲ.

ಈಗ ಎಲ್ಲರೂ ಹಿಮ ನೋಡಲು ಹೋಗುತ್ತೀರಿ. ಹೋಗಿ. ಹೊಸ ಹಿಮದ ಮೇಲೆ ಬಿಸಿಲು ಬಿದ್ದ ದಿನ ಇಳಿಜಾರು ದಾಟಬೇಡಿ. ಬೇಡ ಎನ್ನುವವನನ್ನು ಪುಕ್ಕಲ ಎನ್ನಬೇಡಿ. ಹಿಂದೆ ನಿಂತು ಕಾಯುವುದಕ್ಕೆ ಎಷ್ಟು ಎದೆ ಬೇಕೆಂದು ಓಡಿದವನಾದ ನನಗೆ ಗೊತ್ತು.

ತಂಗೀ, ನಿನ್ನ ಮನೆಯವರು ಅಂಜಿರಲಿಲ್ಲ. ಗುರುಪಾದ, ನಿನ್ನನ್ನು ಹೊರಗೆ ತೆಗೆದವನು ನಾನಲ್ಲ. ಇದನ್ನು ಪೇಪರಿನಲ್ಲಿ ಬರೆಯುವುದು ಸುಲಭ. ಫೌಜಿಯ ಮನೆಯ ಬಾಗಿಲಿಗೆ ಹೋಗಿ ಹೇಳುವುದು ನನ್ನಿಂದ ಇನ್ನೂ ಆಗಿಲ್ಲ.

ಆ ಮನೆ ಚನ್ನಬಸಪ್ಪನದು.